ಸದ್ಗುಣಕ್ಕೆ ಬಿಡುವು ಬೇಕೇ? – ಅಂಬಿಗರ ಚೌಡಯ್ಯನವರ ಉತ್ತರ



ಸದ್ಗುಣವೆಂದರೇನು, ಮಾನವಜನ್ಮದ ಸಾರ್ಥಕ್ಯ ಯಾವುದರಲ್ಲಿದೆ ಎಂಬ ಜಿಜ್ಞಾಸೆ ಅಗಡಿಯ ಪರಿಸರಕ್ಕೆ ಹೊಸತಲ್ಲ. 20ನೆಯ ಶತಮಾನದ ಆರಂಭದಲ್ಲಿ ಕಾದಂಬರಿಕಾರ ಗಳಗನಾಥರು (1869–1942) ಇಲ್ಲಿಯ ಆನಂದವನದಿಂದ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯನ್ನು ನಡೆಸಿ, ನೀತಿಧರ್ಮಗಳ ವಿಚಾರವನ್ನು ಕನ್ನಡಿಗರ ಮನೆಗಳಿಗೆ ತಲುಪಿಸಿದರು. ಅದಕ್ಕೂ ಶತಮಾನಗಳ ಮೊದಲೇ ಇದೇ ಸೀಮೆಯ ತುಂಗಭದ್ರೆಯ ದಡದಲ್ಲಿ ದೋಣಿ ನಡೆಸುವ ಶರಣರೊಬ್ಬರು ಈ ಪ್ರಶ್ನೆಯನ್ನು ಎತ್ತಿಕೊಂಡಿದ್ದರು. ಅವರೇ ರಾಣೆಬೆನ್ನೂರು ತಾಲ್ಲೂಕಿನ ಚೌಡದಾನಪುರದ ನಿಜಶರಣ ಅಂಬಿಗರ ಚೌಡಯ್ಯನವರು.

ಅವರ ಉತ್ತರದ ಹಿರಿಮೆಯನ್ನು ಅರಿಯಲು ಒಮ್ಮೆ ಗ್ರೀಸ್ ದೇಶದತ್ತ ನೋಡೋಣ. ತತ್ವಜ್ಞಾನಿ ಅರಿಸ್ಟಾಟಲ್ (ಕ್ರಿ.ಪೂ. 384–322) ಸದ್ಗುಣವು ಹುಟ್ಟಿನಿಂದ ಬರುವುದಿಲ್ಲ, ಅಭ್ಯಾಸದಿಂದ ಬರುತ್ತದೆ ಎಂದನು. ಮನೆ ಕಟ್ಟುತ್ತ ಕಟ್ಟುತ್ತ ಮನುಷ್ಯನು ಕಟ್ಟುವವನಾಗುವಂತೆ, ನ್ಯಾಯವಾಗಿ ನಡೆಯುತ್ತ ನ್ಯಾಯವಂತನಾಗುತ್ತಾನೆ ಎಂಬುದು ಅವನು ಕೊಟ್ಟ ದೃಷ್ಟಾಂತ. ಆದರೆ ‘ರಾಜನೀತಿ’ ಗ್ರಂಥದಲ್ಲಿ ಅದೇ ತತ್ವಜ್ಞಾನಿ ಸದ್ಗುಣ ಬೆಳೆಯಲು ಬಿಡುವು ಬೇಕು, ಕೈಕಸುಬಿನವನ ಬದುಕಿನಲ್ಲಿ ಅದರ ಸಾಧನೆ ಸಾಧ್ಯವಿಲ್ಲ ಎನ್ನುತ್ತಾನೆ. ಯಾರ ಕೆಲಸ ಸದ್ಗುಣಕ್ಕೆ ದೃಷ್ಟಾಂತವಾಯಿತೋ ಅವನಿಗೇ ಸದ್ಗುಣದ ಬಾಗಿಲು ಮುಚ್ಚಿತು!

12ನೆಯ ಶತಮಾನದ ಕಲ್ಯಾಣದಲ್ಲಿ ಬಸವಾದಿ ಶರಣರು ಈ ಬಾಗಿಲನ್ನು ತೆರೆದರು. ಕಾಯಕವು ಸಾಧನೆಗೆ ಅಡ್ಡಿಯಲ್ಲ, ಕಾಯಕವೇ ಸಾಧನೆ ಎಂಬುದು ಅವರ ನಿಲುವು. ಚಮ್ಮಾರ, ಮಡಿವಾಳ, ಬುಟ್ಟಿ ಹೆಣೆಯುವವ, ಅಂಬಿಗ ಎಲ್ಲರೂ ಅನುಭಾವದ ಮಾತಿಗೆ ಅಧಿಕಾರಿಗಳಾದರು. ಬಹುತೇಕ ವಚನಕಾರರು ಇಷ್ಟದೈವದ ಹೆಸರನ್ನು ಅಂಕಿತವಾಗಿ ಇರಿಸಿಕೊಂಡರೆ, ಚೌಡಯ್ಯನವರು ಕಸುಬಿನೊಡನೆ ಕೂಡಿದ ತಮ್ಮ ಹೆಸರನ್ನೇ ಅಂಕಿತವಾಗಿಸಿದರು. ಇದು ಅಹಂಕಾರವಲ್ಲ. ಆಡಿದ ಮಾತಿಗೆ ತಾನೇ ಹೊಣೆ ಎಂಬ ನಿಷ್ಠೆ.

ಇಲ್ಲಿ ಒಂದು ಸಂದೇಹ ಏಳಬಹುದು. ದುಡಿಮೆಯೇ ಪೂಜೆ ಎನ್ನುವುದು ದುಡಿಯುವವನನ್ನು ಸುಮ್ಮನಿರಿಸುವ ಉಪಾಯವಾಗಲಾರದೇ? ಉಳ್ಳವರು ಈ ಮಾತನ್ನು ಹಾಗೆ ಬಳಸಿದ್ದೂ ಉಂಟು. ಆದರೆ ಶರಣರ ಕಾಯಕಕ್ಕೆ ಎರಡು ಕಟ್ಟುಗಳಿವೆ. ಒಂದು, ಅಗತ್ಯಕ್ಕಿಂತ ಹೆಚ್ಚು ಕೂಡಿಡಬಾರದು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಪತ್ನಿ ಲಕ್ಕಮ್ಮನವರು ಎಚ್ಚರಿಸಿದ ಪ್ರಸಂಗ ಪ್ರಸಿದ್ಧವಾಗಿದೆ. ಇನ್ನೊಂದು, ಗಳಿಸಿದ್ದು ದಾಸೋಹಕ್ಕೆ ಸಲ್ಲಬೇಕು. ಈ ಎರಡು ನಿಯಮಗಳು ಬಡವನಿಗೆ ಎಷ್ಟೋ ಧನಿಕನಿಗೂ ಅಷ್ಟೇ. ಇವನ್ನು ಬಿಟ್ಟರೆ ಉಳಿಯುವುದು ಕೂಲಿ ಮಾತ್ರ, ಕಾಯಕವಲ್ಲ.

ಚೌಡಯ್ಯನವರಂತೂ ಸುಮ್ಮನಿದ್ದವರಲ್ಲ. ಡಾಂಭಿಕ ಭಕ್ತಿಯನ್ನೂ, ವೇಷ ತೊಟ್ಟು ಹೊಟ್ಟೆ ಹೊರೆಯುವವರನ್ನೂ ಅವರು ಕಟುವಾಗಿ ಖಂಡಿಸಿದರು. ಆ ಟೀಕೆಯಿಂದ ಗುರು-ಜಂಗಮರಿಗೂ ವಿನಾಯಿತಿಯಿರಲಿಲ್ಲ. ಆದ್ದರಿಂದ ಮಠದಲ್ಲಿ ಕುಳಿತು ಅವರ ವಚನಗಳನ್ನು ಓದುವ ನಾವು, ಆ ಮಾತು ಪರರಿಗೆ ಆಡಿದ್ದೆಂದು ತಿಳಿಯಲಾಗದು.

ಚೌಡದಾನಪುರದ ಮುಕ್ತೇಶ್ವರ ದೇವಾಲಯದ ಶಾಸನಗಳು ಗುತ್ತಲದ ಗುತ್ತ ಅರಸರನ್ನೂ, 1225ರಲ್ಲಿ ಅಲ್ಲಿಗೆ ಬಂದ ಶಿವದೇವರನ್ನೂ ಸ್ಮರಿಸುತ್ತವೆ. ಅರಸರ ದಾನ ಕಲ್ಲಿನಲ್ಲಿ ಉಳಿಯಿತು. ಅಂಬಿಗನ ಮಾತು ಓಲೆಗರಿಗಳಲ್ಲಿ ಉಳಿದು, 20ನೆಯ ಶತಮಾನದಲ್ಲಿ ಮುದ್ರಣ ಕಂಡು ನಮ್ಮ ಕೈಸೇರಿತು. ಇಂದು ಅವರ ಇನ್ನೂರಕ್ಕೂ ಹೆಚ್ಚು ವಚನಗಳು ದೊರೆಯುತ್ತವೆ.

ಹಾಗಾದರೆ ಬದುಕಿನ ಅರ್ಥವೇನು? ದೋಣಿ ನಡೆಸುವವನು ಪ್ರತಿದಿನ ದಡ ಸೇರುತ್ತಾನೆ, ಆದರೆ ಒಬ್ಬನೇ ಸೇರುವುದಿಲ್ಲ. ಹತ್ತಿದವರನ್ನೆಲ್ಲ ದಾಟಿಸಿ ತಾನೂ ದಾಟುತ್ತಾನೆ. ಮೆಣಸಿನಕಾಯಿಯ ಹೊಲದಲ್ಲಿ, ಅಂಗಡಿಯಲ್ಲಿ, ಶಾಲೆಯಲ್ಲಿ ದುಡಿಯುವ ಸದ್ಭಕ್ತರು ಸಾಧನೆಗೆ ಬಿಡುವಿಲ್ಲವೆಂದು ಕೊರಗಬೇಕಾಗಿಲ್ಲ. ಹಿಡಿದ ಕೆಲಸ ಸತ್ಯಶುದ್ಧವಾಗಿದೆಯೇ, ಅದರಿಂದ ಇನ್ನೊಬ್ಬರು ದಡ ಸೇರಿದರೇ ಎಂದು ದಿನಕ್ಕೊಮ್ಮೆ ಕೇಳಿಕೊಂಡರೆ ಸಾಕು.