ಸನ್ನತಿಯ ಕಲ್ಲು ಮತ್ತು ‘ಸಾರವೃದ್ಧಿ’

ವಾಡಿ ಜಂಕ್ಷನ್ನಿನಿಂದ ರಾಯಚೂರಿನ ಕಡೆಗೆ ಹೊರಟರೆ ದಾರಿಯಲ್ಲಿ ನಾಲವಾರ ಸಿಗುತ್ತದೆ. ಅಲ್ಲಿಳಿದು ರಸ್ತೆ ಹಿಡಿದು ಹೋದರೆ ಭೀಮಾ ನದಿಯ ದಂಡೆಯ ಮೇಲಿನ ಸನ್ನತಿ. ಚಿತ್ತಾಪುರ ತಾಲ್ಲೂಕಿನ ಈ ಊರು ಚಂದ್ರಲಾಂಬೆಯ ಭಕ್ತರಿಗೆ ಹಿಂದಿನಿಂದಲೂ ಗೊತ್ತು. 1986ರಲ್ಲಿ ದೇವಾಲಯದ ಆವರಣದಲ್ಲಿದ್ದ ಕಾಳಿ ಗುಡಿಯ ಚಾವಣಿ ಕುಸಿದು ಮೂರ್ತಿ ಭಗ್ನವಾಯಿತು. ಆಗ ಅದರ ಪೀಠವಾಗಿದ್ದ ಕಲ್ಲುಹಾಸಿನ ಮೇಲೆ ಅಕ್ಷರಗಳು ಕಂಡವು. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ, ಮಾತು ಅಶೋಕನದು.

ಶಹಾಬಾದ, ವಾಡಿ, ಸೇಡಂ, ಚಿಂಚೋಳಿ ಸೀಮೆಯಲ್ಲಿ ಕಲ್ಲು ಜನರ ಜೀವನಕ್ಕೆ ಆಧಾರ. ಶಹಾಬಾದಿನ ಹಾಸುಗಲ್ಲು ಎಷ್ಟೋ ಊರುಗಳ ಮನೆಗಳ ನೆಲವಾಗಿದೆ. ಇಲ್ಲಿನ ಸುಣ್ಣದಕಲ್ಲು ಸಿಮೆಂಟ್ ಕಾರ್ಖಾನೆಗಳನ್ನು ಸೇರುತ್ತದೆ. ಸನ್ನತಿಯ ಕಲ್ಲಿಗೂ ಯಾರೋ ಹಾಗೆಯೇ ಒಂದು ಉಪಯೋಗ ಕಂಡುಕೊಂಡಿದ್ದರು. ಅದರ ಮೇಲಿದ್ದ ಬರಹವನ್ನು ಓದಬಲ್ಲವರು ಬಹುಕಾಲ ಯಾರೂ ಇರಲಿಲ್ಲ. ಅಶೋಕನ ಲಿಪಿಯನ್ನು ಜೇಮ್ಸ್ ಪ್ರಿನ್ಸೆಪ್ ಓದಿ ಬಿಡಿಸಿದ್ದೇ 1837ರಲ್ಲಿ.

ಅಶೋಕನ ಹದಿನಾಲ್ಕು ಬಂಡೆಶಾಸನಗಳ ಪೈಕಿ 12 ಮತ್ತು 14ನೆಯವುಗಳ ಭಾಗಗಳು ಈ ಕಲ್ಲಿನಲ್ಲಿವೆ. ಕಳಿಂಗದ ರಕ್ತಪಾತವನ್ನು ಹೇಳುವ 13ನೆಯದು ಇಲ್ಲಿಲ್ಲ. ಒಡಿಶಾದ ಧೌಲಿ, ಜೌಗಡಗಳಲ್ಲಿ ಮಾತ್ರ ಗೊತ್ತಿದ್ದ ಎರಡು ಪ್ರತ್ಯೇಕ ಶಾಸನಗಳು ಇಲ್ಲೂ ಸಿಕ್ಕಿವೆ. ಎಲ್ಲವನ್ನೂ ಎಲ್ಲ ಕಡೆಯೂ ಬರೆಸಿಲ್ಲ ಎಂದು 14ನೆಯ ಶಾಸನದಲ್ಲಿ ದೊರೆಯೇ ಹೇಳುತ್ತಾನೆ: ಕೆಲವು ಚುಟುಕು, ಕೆಲವು ಮಧ್ಯಮ, ಕೆಲವು ವಿಸ್ತಾರ, ಕೆಲವು ಮಾತು ಇಂಪಾಗಿರುವುದರಿಂದ ಮತ್ತೆ ಮತ್ತೆ ಹೇಳಿದ್ದೇನೆ, ಜನ ಹಾಗೆ ನಡೆಯಲಿ ಎಂದು.

ಯಾವುದು ಮುಖ್ಯ ಎಂಬ ಪ್ರಶ್ನೆ ನೇರವಾಗಿ ಎದುರಾಗುವುದು 12ನೆಯ ಶಾಸನದಲ್ಲಿ. ಎಲ್ಲ ಪಂಥಗಳನ್ನೂ ದಾನದಿಂದ, ಪೂಜೆಯಿಂದ ಗೌರವಿಸುತ್ತೇನೆ ಎಂದು ಅಶೋಕ ಮೊದಲು ಹೇಳುತ್ತಾನೆ. ಆಮೇಲೆ, ಆ ದಾನ-ಪೂಜೆಗಳಿಗಿಂತ ತಾನು ಹೆಚ್ಚು ಬೆಲೆ ಕೊಡುವುದು ‘ಸಾರವೃದ್ಧಿ’ಗೆ ಎನ್ನುತ್ತಾನೆ. ತಿರುಳು ಬೆಳೆಯಬೇಕು. ಅದು ಬೆಳೆಯುವ ದಾರಿ ಹಲವು, ಆದರೆ ಬೇರು ಒಂದೇ: ನಾಲಿಗೆಯ ಮೇಲೆ ಹಿಡಿತ. ಸಂದರ್ಭವಿಲ್ಲದೆ ತನ್ನ ಪಂಥವನ್ನು ಹೊಗಳಬಾರದು, ಇನ್ನೊಬ್ಬರದನ್ನು ತೆಗಳಬಾರದು. ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಿಸಿಕೊಳ್ಳಬೇಕು. ದಾನ ಕಣ್ಣಿಗೆ ಕಾಣುವ ಕೆಲಸ, ಲೆಕ್ಕಕ್ಕೂ ಸಿಗುತ್ತದೆ. ಮಾತನ್ನು ತಡೆಹಿಡಿದದ್ದು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಚಕ್ರವರ್ತಿಯೊಬ್ಬ ಎರಡನೆಯದನ್ನು ಮೇಲೆ ಇಟ್ಟಿದ್ದಾನೆ.

ಇದೇ ಬಗೆಯ ಆಯ್ಕೆ ಪ್ರತ್ಯೇಕ ಶಾಸನದಲ್ಲಿ ಆಡಳಿತಕ್ಕೂ ಬರುತ್ತದೆ. ಧೌಲಿಯ ಪಾಠದಲ್ಲಿ ಅದು ಸ್ಪಷ್ಟವಾಗಿ ಓದಲು ಸಿಗುತ್ತದೆ. ನ್ಯಾಯ ನೋಡುವ ಮಹಾಮಾತ್ರರಿಗೆ ಬರೆದ ಆದೇಶ ಅದು. ಕಾರಣವಿಲ್ಲದೆ ಯಾರಾದರೂ ಸೆರೆಮನೆ ಸೇರುವುದು ಅಶೋಕನ ಆತಂಕ. ಅಧಿಕಾರಿಗಳನ್ನು ಕೆಡಿಸುವ ಏಳು ದೋಷಗಳನ್ನು ಆತ ಪಟ್ಟಿ ಮಾಡುತ್ತಾನೆ: ಈರ್ಷ್ಯೆ, ಮುಂಗೋಪ, ನಿಷ್ಠುರತೆ, ಆತುರ, ಹಿಡಿದದ್ದನ್ನು ಬಿಡದೆ ಮಾಡುವ ರೂಢಿ ಇಲ್ಲದಿರುವುದು, ಸೋಮಾರಿತನ, ದಣಿವು. ಏಳನ್ನೂ ಒಟ್ಟಿಗೆ ತಿದ್ದಿಕೊಳ್ಳಿ ಎಂದು ಹೇಳಿ ಕೈತೊಳೆದುಕೊಳ್ಳುವುದಿಲ್ಲ. ಇದಕ್ಕೆಲ್ಲ ಮೂಲ ಎರಡು: ಸಿಟ್ಟಾಗದಿರುವುದು, ಆತುರಪಡದಿರುವುದು. ಸೋಮಾರಿತನ ಮತ್ತು ಆತುರ ಒಂದಕ್ಕೊಂದು ವಿರುದ್ಧವೆಂದು ನಾವು ತಿಳಿದಿದ್ದೇವೆ. ಅಶೋಕ ಎರಡನ್ನೂ ಒಂದೇ ಸಾಲಿನಲ್ಲಿ ಕೂರಿಸಿದ್ದಾನೆ. ಆತುರದ ಅಧಿಕಾರಿ ಬಹಳ ಕಡತ ವಿಲೇವಾರಿ ಮಾಡಬಹುದು, ಅದರಲ್ಲೊಂದು ನಿರಪರಾಧಿಯದಾಗಿರಬಹುದು.

ಇಟಲಿಯ ವಿಲ್ಫ್ರೆಡೊ ಪರೆಟೊ (1848–1923) ಹೆಸರಿನಲ್ಲಿ ಇಂದು 80–20 ನಿಯಮ ಪ್ರಸಿದ್ಧವಾಗಿದೆ. ಹೆಚ್ಚಿನ ಫಲ ಕೆಲವೇ ಕಾರಣಗಳಿಂದ ಬರುತ್ತದೆ, ಅವನ್ನು ಹಿಡಿಯಿರಿ ಎನ್ನುವುದು ಅದರ ಸಾರಾಂಶ. ಏಳರಿಂದ ಎರಡಕ್ಕೆ ಇಳಿದ ಅಶೋಕನ ಪಟ್ಟಿಯೂ ಅದೇ ಜಾಡಿನದು. ಆದರೆ ಒಂದು ವ್ಯತ್ಯಾಸವಿದೆ. ಆ ನಿಯಮವನ್ನು ಹೇಳುವವರು ನನಗೆ ಸಿಗುವ ಫಲ ಎಷ್ಟು ಎಂದು ಕೇಳುತ್ತಾರೆ. ಶಾಸನ, ನನ್ನ ಕೆಲಸದಿಂದ ಎದುರಿನವನಿಗೆ ಏನಾಯಿತು ಎಂದು ಕೇಳುತ್ತದೆ. ಇಷ್ಟು ಹೇಳಿ ಅಶೋಕ ಸುಮ್ಮನಾಗಲಿಲ್ಲ. ತಿಷ್ಯ ನಕ್ಷತ್ರದ ದಿನ ಈ ಆದೇಶವನ್ನು ಓದಿ ಕೇಳಿಸಬೇಕೆಂದ. ಮುಖ್ಯವಾದದ್ದು ಮೊದಲು ಮರೆತುಹೋಗುತ್ತದೆಂದು ಆತನಿಗೆ ತಿಳಿದಿತ್ತು.

ಈ ಮಾತು ಈ ಸೀಮೆಯಲ್ಲಿ ಮತ್ತೊಮ್ಮೆ ಹುಟ್ಟಿತು. ಭೀಮೆಯನ್ನು ಸೇರುವ ಕಾಗಿಣಾ ನದಿಯ ದಂಡೆಯಲ್ಲಿ, ಸೇಡಂ ತಾಲ್ಲೂಕಿನ ಮಳಖೇಡವಿದೆ. ರಾಷ್ಟ್ರಕೂಟರ ಮಾನ್ಯಖೇಟ ಅದೇ. ಸುಮಾರು 850ರಲ್ಲಿ, ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ‘ಕವಿರಾಜಮಾರ್ಗ’ ರಚನೆಯಾಯಿತು. ನಮಗೆ ದೊರೆತಿರುವ ಕನ್ನಡ ಕೃತಿಗಳಲ್ಲಿ ಅದೇ ಹಳೆಯದು. ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸಿಕೊಳ್ಳುವುದೇ ನಿಜವಾದ ಬಂಗಾರ ಎಂಬ ಆಶಯದ ಪದ್ಯ ಅದರಲ್ಲಿದೆ. ಶ್ರೀವಿಜಯ ಸನ್ನತಿಯ ಕಲ್ಲನ್ನು ಓದಿದ್ದನೆಂದು ಹೇಳಲು ಯಾವ ಆಧಾರವೂ ಇಲ್ಲ. ಸಾವಿರದ ನೂರು ವರ್ಷಗಳ ಅಂತರದಲ್ಲಿ, ಒಂದೇ ಸೀಮೆಯಲ್ಲಿ, ಸಂಪತ್ತು ಯಾವುದು ಎಂಬ ಪ್ರಶ್ನೆಗೆ ಇಬ್ಬರೂ ಹತ್ತಿರದ ಉತ್ತರವನ್ನೇ ಕೊಟ್ಟರು.

ಮಾಡಬೇಕಾದ ಕೆಲಸಗಳ ಪಟ್ಟಿಯನ್ನು ಬೆಳಗ್ಗೆ ಬರೆದುಕೊಳ್ಳುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ಸಂಜೆ ಅದರಲ್ಲಿ ಗೀಟು ಎಳೆದ ಸಾಲುಗಳನ್ನು ಎಣಿಸುತ್ತೇವೆ. ಒಮ್ಮೆ ಸನ್ನತಿಗೆ ಹೋದವರು ಆ ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಪ್ರಶ್ನೆ ಬರೆದುಕೊಳ್ಳಬಹುದು: ಇಂದು ಯಾವುದನ್ನು ಆತುರದಲ್ಲಿ ಮಾಡಿದೆ, ಅದರಿಂದ ಯಾರಿಗೆ ನೋವಾಯಿತು?