ದಕ್ಷಿಣ ಬೆಂಗಳೂರಿನ ಕುಟುಂಬ ಒಡೆತನದ ಚಿತ್ರಮಂದಿರಗಳು

ಒಂದು ಮನೆತನ ತನ್ನ ಜಾಗದಲ್ಲಿ, ತನ್ನ ಹಣ ಹಾಕಿ ಕಟ್ಟಿಸಿ, ಮನೆಯವರೇ ನಿಂತು ನಡೆಸಿದ ಒಂಟಿ ಪರದೆಯ ಟಾಕೀಸುಗಳಲ್ಲೇ ಬೆಂಗಳೂರಿನ ಜನ ಹಲವು ದಶಕ ಸಿನಿಮಾ ನೋಡಿದರು. ಸರ್ಕಾರವಾಗಲಿ, ದೊಡ್ಡ ಕಂಪನಿಗಳಾಗಲಿ ಈ ವ್ಯವಹಾರಕ್ಕೆ ಕೈಹಾಕಿದ್ದು ಕಡಿಮೆ. ನಗರದ ದಕ್ಷಿಣ ಭಾಗದ ಜಯನಗರ, ಬನಶಂಕರಿ, ಜೆ.ಪಿ. ನಗರ, ಕತ್ರಿಗುಪ್ಪೆಗಳಲ್ಲಿ ಇಂಥ ಟಾಕೀಸುಗಳು ಬಡಾವಣೆಗಳ ಬೆನ್ನಿಗೇ ಹುಟ್ಟಿದವು. ಅದೇ ಬಡಾವಣೆಗಳ ನೆಲದ ಬೆಲೆ ಏರಿದಂತೆ ಒಂದೊಂದಾಗಿ ಕಣ್ಮರೆಯಾದವು. ಕತ್ರಿಗುಪ್ಪೆಯ ಹೊರವರ್ತುಲ ರಸ್ತೆಯಲ್ಲಿ ಬಸ್ ಕಂಡಕ್ಟರು 'ಕಾಮಾಕ್ಯ' ಎಂದು ಕೂಗುವ ನಿಲ್ದಾಣಕ್ಕೆ ಆ ಹೆಸರು ಬಂದದ್ದು ಒಂದು ಟಾಕೀಸಿನಿಂದ. ಒಂದಕ್ಕಿಂತ ಹೆಚ್ಚು ಚಿತ್ರಮಂದಿರ ಹೊಂದಿ, ಜೊತೆಗೆ ಚಿತ್ರ ನಿರ್ಮಾಣವನ್ನೂ ಮಾಡಿದ ಮನೆತನಗಳಲ್ಲಿ ಕೆ.ಸಿ.ಎನ್. ಗೌಡರ ಕುಟುಂಬ ಮುಖ್ಯವಾದದ್ದು. ಲಾಲ್‌ಬಾಗ್ ರಸ್ತೆಯ ಊರ್ವಶಿ ಆ ಕುಟುಂಬದ್ದು.

ಹಿನ್ನೆಲೆ

ಬೆಂಗಳೂರಿಗೆ ವಿದ್ಯುತ್ ಬಂದದ್ದು 1905ರಲ್ಲಿ. ಅದಕ್ಕೂ ಮುಂಚೆ, 1896ರಲ್ಲಿ, ದಂಡುಪ್ರದೇಶದಲ್ಲಿ ವೀರಭದ್ರ ಮೊದಲಿಯಾರ್ ಎಂಬವರು ಕಟ್ಟಿಸಿದ ಸಭಾಂಗಣ ಮುಂದೆ ಎಲ್ಜಿನ್ ಟಾಕೀಸ್ ಆಯಿತು. ಆಗಿನ ವೈಸ್‌ರಾಯ್ ಲಾರ್ಡ್ ಎಲ್ಜಿನ್ ಹೆಸರು ಅದಕ್ಕೆ. ಮೂಕಿ ಚಿತ್ರಗಳಿಂದ ಮೊದಲ್ಗೊಂಡು ಅದು ತಲೆಮಾರುಗಳ ಕಾಲ ಒಂದೇ ಮನೆತನದ ಕೈಯಲ್ಲಿ ನಡೆಯಿತು. ಪೇಟೆಯ ಕಡೆ, ಸಿಟಿ ಮಾರ್ಕೆಟ್ ಬಳಿಯ ಪ್ಯಾರಾಮೌಂಟ್‌ನಲ್ಲಿ 1934ರ ಮಾರ್ಚ್ 3ರಂದು ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ' ತೆರೆಕಂಡಿತು. ಮೆಜೆಸ್ಟಿಕ್ ಎಂಬ ಟಾಕೀಸಿನಿಂದ ಒಂದು ಇಡೀ ಪ್ರದೇಶಕ್ಕೆ, ಮಿನರ್ವ ಎಂಬ ಟಾಕೀಸಿನಿಂದ ಜೆ.ಸಿ. ರಸ್ತೆಯ ಒಂದು ವೃತ್ತಕ್ಕೆ ಹೆಸರು ನಿಂತಿತು.

ದೇಶದಲ್ಲಿ ದೊಡ್ಡ ಪ್ರಮಾಣದ ಪ್ರದರ್ಶನ ಜಾಲವನ್ನು ಮೊದಲು ಕಟ್ಟಿದ್ದೂ ಒಂದು ಕುಟುಂಬವೇ. ಕಲ್ಕತ್ತೆಯ ಪಾರ್ಸಿ ವ್ಯಾಪಾರಿ ಜೆ.ಎಫ್. ಮದನ್ 1923ರಲ್ಲಿ ತೀರಿಕೊಂಡ ಮೇಲೆ ಅವರ ಮಗ ಸಂಸ್ಥೆಯನ್ನು ಬೆಳೆಸಿ, 1920ರ ದಶಕದ ಕೊನೆಯ ಹೊತ್ತಿಗೆ ಭಾರತ, ಬರ್ಮಾ, ಸಿಲೋನ್‌ಗಳಲ್ಲಿ ನೂರಕ್ಕೂ ಹೆಚ್ಚು ಚಿತ್ರಮಂದಿರಗಳನ್ನು ಹೊಂದಿದ್ದರು. ಮಾತಿನ ಚಿತ್ರಗಳು ಬಂದ ಕೆಲವೇ ವರ್ಷಗಳಲ್ಲಿ ಆ ಸಾಮ್ರಾಜ್ಯ ಒಡೆದುಹೋಯಿತು. ಮೈಸೂರು ಸೀಮೆಯಲ್ಲಿ ಅಷ್ಟು ವಿಸ್ತಾರದ ಜಾಲ ಹುಟ್ಟಲೇ ಇಲ್ಲ. ಇಲ್ಲಿ ಒಂದು ಮನೆಗೆ ಒಂದು ಟಾಕೀಸು, ಹೆಚ್ಚೆಂದರೆ ಎರಡು ಮೂರು. ಈ ಸಣ್ಣತನವೇ ಬಹುಕಾಲ ಅವುಗಳನ್ನು ಕಾಪಾಡಿತು. ಸ್ವಂತ ಜಾಗ, ಕಡಿಮೆ ಸಾಲ, ಮನೆಯವರದೇ ಮೇಲ್ವಿಚಾರಣೆ ಇದ್ದ ಕಡೆ ಒಂದು ಚಿತ್ರ ಬಿದ್ದರೂ ಟಾಕೀಸು ಬೀಳುತ್ತಿರಲಿಲ್ಲ.

ಬಡಾವಣೆಗಳು, ಟಾಕೀಸುಗಳು

1948ರಲ್ಲಿ ರಾಜಾಜಿಯವರು ಅಶೋಕ ಸ್ತಂಭದ ಬಳಿ ಜಯನಗರಕ್ಕೆ ಅಡಿಗಲ್ಲು ಹಾಕಿದರು. ನಗರ ಸುಧಾರಣಾ ಮಂಡಳಿ, 1976ರ ನಂತರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ದಕ್ಷಿಣದ ಹಳ್ಳಿಗಳ ಹೊಲ ತೋಟಗಳನ್ನು ನಿವೇಶನಗಳಾಗಿ ಹಂಚುತ್ತಾ ಹೋದವು. ಕತ್ರಿಗುಪ್ಪೆಯೂ ಹಾಗೆ ಬನಶಂಕರಿ 3ನೇ ಹಂತದೊಳಗೆ ಸೇರಿಹೋದ ಹಳ್ಳಿ. ಹೊಸ ಬಡಾವಣೆಗೆ ಮನೆ ಕಟ್ಟಿಕೊಂಡು ಬಂದ ನೌಕರ ಕುಟುಂಬಗಳಿಗೆ ಮೆಜೆಸ್ಟಿಕ್ ದೂರ. ರಾತ್ರಿ ಎರಡನೇ ಆಟ ಮುಗಿದರೆ ಬಸ್ಸಿಲ್ಲ. ಬಡಾವಣೆಯ ಟಾಕೀಸಿಗೆ ಇದೇ ಬಂಡವಾಳವಾಯಿತು.

ಜಯನಗರದ ಸೌತ್ ಎಂಡ್ ಕಡೆ ಶಾಂತಿ ಮತ್ತು ನಂದಾ, ತಿಲಕ್‌ನಗರದ ಕಡೆ ಸ್ವಾಗತ್, ಕತ್ರಿಗುಪ್ಪೆಯಲ್ಲಿ ಕಾಮಾಕ್ಯ ಹೀಗೆ ತಲೆಯೆತ್ತಿದವು. ಜಯನಗರ 4ನೇ ಬ್ಲಾಕಿನ ವಾಣಿಜ್ಯ ಸಂಕೀರ್ಣದಲ್ಲಿ ನಿರ್ದೇಶಕ ಪುಟ್ಟಣ್ಣ ಕಣಗಾಲ್ ಹೆಸರಿನ ಚಿತ್ರಮಂದಿರವಿತ್ತು. ಅದು ಸಾರ್ವಜನಿಕ ಸ್ವತ್ತು; ಈ ಸಾಲಿನಲ್ಲಿ ಅಪವಾದ. ಕನ್ನಡದ ಒಬ್ಬ ದೊಡ್ಡ ನಿರ್ದೇಶಕನ ಹೆಸರು ಹೊತ್ತ ಆ ಮಂದಿರ ಸಂಕೀರ್ಣದ ಮರುನಿರ್ಮಾಣದಲ್ಲಿ ಹೋದದ್ದು ನಗರಕ್ಕೆ ಆದ ನಷ್ಟವೆಂದೇ ಹೇಳಬೇಕು.

ಈ ಟಾಕೀಸುಗಳ ವಿನ್ಯಾಸವನ್ನು ಬಹುಮಟ್ಟಿಗೆ ನಿರ್ಧರಿಸಿದ್ದು ಕಾನೂನು. 1964ರ ಕರ್ನಾಟಕ ಸಿನಿಮಾ ನಿಯಂತ್ರಣ ಕಾಯ್ದೆ ಮತ್ತು ಅದರಡಿಯ ನಿಯಮಗಳು ಪರವಾನಗಿಗೆ ಷರತ್ತು ಹಾಕಿದವು: ಕಟ್ಟಡದ ಸುತ್ತ ತೆರೆದ ಜಾಗ, ಅಗಲವಾದ ರಸ್ತೆಗೆ ಮುಖ, ಬೆಂಕಿ ಬಿದ್ದರೆ ಜನ ಹೊರಬೀಳಲು ಬಾಗಿಲು, ವಾಹನ ನಿಲ್ಲಿಸಲು ಅಂಗಳ. ಸೈಕಲ್ ಸ್ಟ್ಯಾಂಡು, ಟಿಕೆಟ್ಟಿನ ಸಾಲಿಗೆ ಕಬ್ಬಿಣದ ಕಟಕಟೆ, ಕಟೌಟ್ ನಿಲ್ಲಿಸುವ ಮುಂಭಾಗ ಎಲ್ಲ ಆ ತೆರೆದ ಜಾಗದಲ್ಲೇ. ಪ್ರೇಕ್ಷಕರ ಜೀವ ಕಾಯಲು ಬಿಡಿಸಿದ ಈ ಅಂಗಳವೇ ಟಾಕೀಸಿನ ಜೀವಕ್ಕೆ ಎರವಾದದ್ದನ್ನು ಮುಂದೆ ನೋಡಬಹುದು.

ಕೆ.ಸಿ.ಎನ್. ಮನೆತನ

ನೇಕಾರಿಕೆಗೆ ಹೆಸರಾದ ದೊಡ್ಡಬಳ್ಳಾಪುರದಿಂದ ಬಂದ ಕೆ.ಸಿ.ಎನ್. ಗೌಡರು ಆ ಊರಿನ ರಾಜ್‌ಕಮಲ್ ಟಾಕೀಸಿನಿಂದ ಪ್ರದರ್ಶನರಂಗದಲ್ಲಿ ಹೆಸರಾದವರು. ಬೆಂಗಳೂರಿನಲ್ಲಿ ಅವರ ಕುಟುಂಬದ ನವರಂಗ್ ರಾಜಾಜಿನಗರದಲ್ಲಿದೆ, ಊರ್ವಶಿ ಲಾಲ್‌ಬಾಗ್ ರಸ್ತೆಯಲ್ಲಿದೆ. ಒಂದು ನಗರದ ಪಶ್ಚಿಮದ ಹೊಸ ಬಡಾವಣೆಗೆ, ಇನ್ನೊಂದು ಹಳೆಯ ಪೇಟೆಗೂ ಜಯನಗರಕ್ಕೂ ನಡುವಿನ ದಾರಿಗೆ. ಕೆಂಪೇಗೌಡ ರಸ್ತೆಯ ಟಾಕೀಸುಗಳ ಸಾಲಿನಲ್ಲಿ ಹತ್ತರೊಡನೆ ಹನ್ನೊಂದಾಗುವ ಬದಲು ಜನ ನೆಲೆಸುತ್ತಿದ್ದ ಕಡೆಗೇ ಹೋದದ್ದು ದೂರದೃಷ್ಟಿಯ ನಡೆ. ರಾಜಾಜಿನಗರದಲ್ಲಿ ಇಂದಿಗೂ ಆಟೋದವರಿಗೆ ನವರಂಗ್ ಎಂದರೆ ಸಾಕು.

ಗೌಡರು ಪ್ರದರ್ಶಕರಾಗಿ ನಿಲ್ಲದೆ ನಿರ್ಮಾಪಕರೂ ಆದರು. ದೊರೆ–ಭಗವಾನ್ ನಿರ್ದೇಶನದಲ್ಲಿ ಅವರು ನಿರ್ಮಿಸಿದ 'ಕಸ್ತೂರಿ ನಿವಾಸ' 1971ರಲ್ಲಿ ಬಂತು. ಕೊಡುಗೈಯಿಂದಲೇ ಬರಿಗೈಯಾದ ಶ್ರೀಮಂತನಾಗಿ ರಾಜ್‌ಕುಮಾರ್ ಅಭಿನಯಿಸಿದ ಆ ಚಿತ್ರ ಹಿಂದಿಯಲ್ಲಿ 'ಶಾನ್‌ದಾರ್', ತಮಿಳಿನಲ್ಲಿ ಶಿವಾಜಿ ಗಣೇಶನ್ ಅವರ 'ಅವನ್‌ದಾನ್ ಮನಿದನ್' ಆಯಿತು. 'ಬಭ್ರುವಾಹನ' (1977), 'ಹುಲಿಯ ಹಾಲಿನ ಮೇವು' (1979) ಇದೇ ಮನೆಯಿಂದ ಬಂದ ಚಿತ್ರಗಳು. ಗೌಡರ ಮಗ ಕೆ.ಸಿ.ಎನ್. ಚಂದ್ರಶೇಖರ್ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯ ಅಧ್ಯಕ್ಷರಾಗಿದ್ದರು. ಇನ್ನೊಬ್ಬ ಮಗ ಕೆ.ಸಿ.ಎನ್. ಮೋಹನ್ ಕೂಡ ನಿರ್ಮಾಪಕರು. ಕಪ್ಪು ಬಿಳುಪಿನ 'ಕಸ್ತೂರಿ ನಿವಾಸ'ಕ್ಕೆ ಬಣ್ಣ ತುಂಬಿಸಿ 2014ರಲ್ಲಿ ಈ ಕುಟುಂಬ ಮರುಬಿಡುಗಡೆ ಮಾಡಿದಾಗ, ಮೊದಲ ಬಿಡುಗಡೆಯಾಗಿ ನಾಲ್ಕು ದಶಕ ಕಳೆದಿದ್ದರೂ ಜನ ಟಿಕೆಟ್ಟಿಗೆ ಸಾಲುಗಟ್ಟಿದರು. ಚಂದ್ರಶೇಖರ್ 2021ರಲ್ಲಿ, ಮೋಹನ್ 2023ರಲ್ಲಿ ನಿಧನರಾದರು.

ಅಮೆರಿಕದಲ್ಲಿ ಚಿತ್ರ ತಯಾರಿಸುವ ಸ್ಟುಡಿಯೋಗಳೇ ಟಾಕೀಸುಗಳನ್ನೂ ಹಿಡಿದಿಟ್ಟುಕೊಳ್ಳುವುದಕ್ಕೆ ಅಲ್ಲಿನ ಸುಪ್ರೀಂ ಕೋರ್ಟ್ 1948ರಲ್ಲಿ ತಡೆ ಹಾಕಿತ್ತು. ಸಣ್ಣ ಪ್ರದರ್ಶಕರನ್ನು ಉಳಿಸುವುದು ಅದರ ಕಾಳಜಿಗಳಲ್ಲಿ ಒಂದು. ಕನ್ನಡದಲ್ಲಿ ಪರಿಸ್ಥಿತಿ ಇದಕ್ಕೆ ತಿರುವುಮುರುವು. ಇಲ್ಲಿ ಸಣ್ಣ ಪ್ರದರ್ಶಕನೇ ನಿರ್ಮಾಪಕನಾದ. ಪ್ರತಿ ಶುಕ್ರವಾರ ಟಾಕೀಸಿನ ಬಾಗಿಲಲ್ಲಿ ನಿಂತು, ಜನ ಯಾವ ದೃಶ್ಯಕ್ಕೆ ಎದ್ದು ಹೊರಗೆ ಬರುತ್ತಾರೆ, ಯಾವುದಕ್ಕೆ ಮರಳಿ ಬರುತ್ತಾರೆ ಎಂದು ಕಂಡವರು ಚಿತ್ರಕ್ಕೆ ಹಣ ಹಾಕಿದಾಗ ಅವರ ಲೆಕ್ಕಾಚಾರಕ್ಕೆ ಬೇರೆಯದೇ ತೂಕವಿರುತ್ತಿತ್ತು. ಕನ್ನಡ ಚಿತ್ರರಂಗಕ್ಕೆ ಕುಟುಂಬ ಒಡೆತನದ ಟಾಕೀಸುಗಳಿಂದ ಸಂದ ದೊಡ್ಡ ಲಾಭ ಇದೇ.

ವ್ಯವಹಾರ ನಡೆದ ಬಗೆ

ಮಾಲೀಕರು ಅಥವಾ ಅವರ ತಮ್ಮ, ಭಾವಮೈದುನ ಯಾರಾದರೊಬ್ಬರು ಕಚೇರಿಯಲ್ಲಿ ಇದ್ದೇ ಇರುತ್ತಿದ್ದರು. ಮ್ಯಾನೇಜರು, ಬುಕಿಂಗ್ ಕ್ಲರ್ಕು, ಗೇಟ್‌ಕೀಪರು, ಆಪರೇಟರು, ಕ್ಯಾಂಟೀನು ಮತ್ತು ಸೈಕಲ್ ಸ್ಟ್ಯಾಂಡಿನ ಗುತ್ತಿಗೆದಾರರು, ಇಷ್ಟು ಜನರ ಸಂಸಾರಗಳು ಒಂದು ಟಾಕೀಸಿನ ಮೇಲೆ ನಡೆಯುತ್ತಿದ್ದವು. ಪ್ರತಿ ಆಟದ ಟಿಕೆಟ್ ಲೆಕ್ಕ ಡಿಸಿಆರ್ ಎಂಬ ದಿನದ ಗಳಿಕೆಯ ಹಾಳೆಯಲ್ಲಿ ದಾಖಲಾಗುತ್ತಿತ್ತು. ಗಾಂಧಿಕ್ಲಾಸಿನಿಂದ ಬಾಲ್ಕನಿವರೆಗೆ ದರ್ಜೆವಾರು ಎಷ್ಟು ಟಿಕೆಟ್ ಹೋದವು, ಮನರಂಜನಾ ತೆರಿಗೆ ಎಷ್ಟು, ಹಂಚಿಕೆದಾರನಿಗೆ ಸಲ್ಲಬೇಕಾದದ್ದು ಎಷ್ಟು ಎಂಬುದೆಲ್ಲ ಅದರಲ್ಲಿ. ಹಂಚಿಕೆದಾರನ ಪ್ರತಿನಿಧಿಯೊಬ್ಬ ರೀಲಿನ ಪೆಟ್ಟಿಗೆಯ ಜೊತೆ ಬಂದು ಅದನ್ನು ತಾಳೆ ನೋಡುತ್ತಿದ್ದ.

ಆಪರೇಟರ್ ಕೋಣೆಯಲ್ಲಿ ಎರಡು ಪ್ರೊಜೆಕ್ಟರ್ ಇರುತ್ತಿದ್ದವು. ಸುಮಾರು 2,000 ಅಡಿಯ ಒಂದು ರೀಲು ಇಪ್ಪತ್ತು ನಿಮಿಷದಷ್ಟು ಓಡುತ್ತದೆ. ಪರದೆಯ ಬಲ ಮೇಲ್ಮೂಲೆಯಲ್ಲಿ ಚುಕ್ಕೆ ಮಿನುಗಿದ ಕೂಡಲೇ ಆಪರೇಟರು ಇನ್ನೊಂದು ಯಂತ್ರಕ್ಕೆ ಹಾಯಬೇಕು. ಕಾರ್ಬನ್ ಕಡ್ಡಿಗಳ ಬೆಳಕಿನ ಕಾಲದಲ್ಲಿ ಕಡ್ಡಿಗಳ ನಡುವಿನ ಅಂತರವನ್ನೂ ಅವರೇ ಕಾಯಬೇಕಿತ್ತು. ಪ್ರಿಂಟು ದುಬಾರಿಯಾದ್ದರಿಂದ ಹತ್ತಿರದ ಎರಡು ಟಾಕೀಸುಗಳು ಒಂದೇ ಪ್ರಿಂಟನ್ನು ಹಂಚಿಕೊಳ್ಳುವ ಪದ್ಧತಿಯಿತ್ತು. ಒಂದು ಕಡೆ ಆಟ ಅರ್ಧ ಗಂಟೆ ಮುಂಚೆ ಶುರುವಾಗುತ್ತಿತ್ತು, ಮುಗಿದ ರೀಲು ಹುಡುಗನ ಸೈಕಲ್ಲೇರಿ ಇನ್ನೊಂದು ಕಡೆ ಓಡುತ್ತಿತ್ತು. 2000ದ ದಶಕದ ನಡುವಿನಿಂದ ಉಪಗ್ರಹದ ಮೂಲಕ ಡಿಜಿಟಲ್ ಪ್ರದರ್ಶನ ಬಂದ ಮೇಲೆ ರೀಲಿನ ಡಬ್ಬ, ಸೈಕಲ್ಲು, ಚುಕ್ಕೆ ಎಲ್ಲ ಹೋದವು. ಜೀವಮಾನವಿಡೀ ಕಲಿತ ಕೈಚಳಕಕ್ಕೆ ಕೆಲಸವಿಲ್ಲದಂತಾಗಿ ಅನೇಕ ಆಪರೇಟರುಗಳು ಮನೆಗೆ ಹೋದರು. ಇವರನ್ನು ಯಾರೂ ಸನ್ಮಾನಿಸಲಿಲ್ಲ.

ಕರ್ನಾಟಕದ ಒಂಟಿ ಪರದೆಗಳಲ್ಲಿ ಬಲವಾಗಿ ಬೇರೂರಿದ್ದು ವಾರದ ಬಾಡಿಗೆಯ ಪದ್ಧತಿ. ಚಿತ್ರ ಓಡಲಿ ಬಿಡಲಿ, ನಿರ್ಮಾಪಕ ಅಥವಾ ಹಂಚಿಕೆದಾರ ಟಾಕೀಸಿಗೆ ನಿಗದಿತ ಬಾಡಿಗೆ ಕೊಡಬೇಕು. ಗಳಿಕೆಯಲ್ಲಿ ಶೇಕಡಾವಾರು ಪಾಲು ಬೇಕೆಂದು ನಿರ್ಮಾಪಕರು, ಬಾಡಿಗೆಯೇ ಇರಲೆಂದು ಮಾಲೀಕರು ವರ್ಷಗಟ್ಟಲೆ ಜಗಳವಾಡಿದ್ದಾರೆ. ಮಾಲೀಕರ ಪಕ್ಷದಿಂದ ನೋಡಿದರೆ ಬಾಡಿಗೆ ಎಂಬುದು ಭದ್ರತೆ. ಆದರೆ ಬಾಡಿಗೆ ಎಣಿಸಿಕೊಂಡ ಮನೆಗೆ ಚಿತ್ರ ಗೆಲ್ಲಬೇಕೆಂಬ ತವಕ ಕಡಿಮೆಯಾಯಿತು, ಕುರ್ಚಿ ಹರಿದರೂ ಧ್ವನಿ ಕೆಟ್ಟರೂ ವಾರದ ಹಣಕ್ಕೆ ಕುಂದಿಲ್ಲ ಎಂಬ ಸಮಾಧಾನ ಬೆಳೆಯಿತು. ಬಡಾವಣೆಯ ಎಷ್ಟೋ ಟಾಕೀಸುಗಳಿಂದ ಹೆಂಗಸರು, ಮಕ್ಕಳು ದೂರವಾದದ್ದಕ್ಕೆ ಕೆಟ್ಟ ಶೌಚಾಲಯವೂ ಒಂದು ಕಾರಣವೆಂಬುದನ್ನು ಮಾಲೀಕರು ಸಕಾಲದಲ್ಲಿ ಒಪ್ಪಿಕೊಳ್ಳಬೇಕಿತ್ತು.

ಇಳಿಗಾಲ

ಟೀವಿ ಬಂದು ಟಾಕೀಸು ಹೋಯಿತು ಎನ್ನುವುದು ರೂಢಿಯ ಮಾತು. ಬೆಂಗಳೂರು ದೂರದರ್ಶನ ಶುರುವಾದದ್ದು 1981ರಲ್ಲಿ. ಅದಾದ ಮೇಲೂ ಬಡಾವಣೆಯ ಟಾಕೀಸುಗಳು ಎರಡು ದಶಕ ಚೆನ್ನಾಗಿಯೇ ನಡೆದವು. ಕಾವೇರಿ ಗಲಭೆ ನಡೆದ 1991, ರಾಜ್‌ಕುಮಾರ್ ಅಪಹರಣವಾದ 2000 ಇವು ನಗರದ ಟಾಕೀಸುಗಳಿಗೆ ಕಷ್ಟದ ವರ್ಷಗಳಾದರೂ ಅವನ್ನೂ ದಾಟಿದವು. 2004ರಲ್ಲಿ ಪರಭಾಷಾ ಚಿತ್ರಗಳು ಇಲ್ಲಿ ಏಳು ವಾರ ತಡವಾಗಿ ಬಿಡುಗಡೆಯಾಗಬೇಕೆಂದು ವಾಣಿಜ್ಯ ಮಂಡಳಿ ನಿರ್ಬಂಧ ತಂದಾಗ ಮಾತ್ರ ಪ್ರದರ್ಶಕರಿಗೂ ನಿರ್ಮಾಪಕರಿಗೂ ನಡುವಿನ ಬಿರುಕು ಬೀದಿಗೆ ಬಂತು. ತೆಲುಗು, ತಮಿಳು, ಹಿಂದಿ ಚಿತ್ರಗಳಿಲ್ಲದೆ ವರ್ಷದ 52 ವಾರ ತುಂಬುವುದು ಟಾಕೀಸಿಗೆ ಕಷ್ಟವಿತ್ತು.

ಅದೇ 2004ರಲ್ಲಿ ಕೋರಮಂಗಲದ ಫೋರಂ ಮಾಲಿನಲ್ಲಿ ಪಿವಿಆರ್ 11 ಪರದೆ ತೆರೆಯಿತು. 2006ರ ಕೊನೆಗೆ ಬಂದ 'ಮುಂಗಾರು ಮಳೆ' ಅಲ್ಲೇ ಒಂದು ವರ್ಷ ಮೀರಿ ಓಡಿ, ಮಲ್ಟಿಪ್ಲೆಕ್ಸಿನಲ್ಲಿ ಕನ್ನಡಕ್ಕೆ ಜಾಗವಿಲ್ಲ ಎಂಬ ಮಾತನ್ನು ಸುಳ್ಳು ಮಾಡಿತು. ಆದರೂ ಬಡಾವಣೆಯ ಟಾಕೀಸನ್ನು ಮುಗಿಸಿದ್ದು ಮಲ್ಟಿಪ್ಲೆಕ್ಸಿನ ಪೈಪೋಟಿಗಿಂತ ಹೆಚ್ಚಾಗಿ ನೆಲ. ಮುಖ್ಯರಸ್ತೆಗೆ ಮುಖವಿರುವ, ಸುತ್ತ ಅಂಗಳವಿರುವ, ಒಂದೇ ಖಾತೆಯ ದೊಡ್ಡ ನಿವೇಶನ ಜಯನಗರದಂಥ ಕಡೆ ಟಾಕೀಸಿನವರಲ್ಲಿ ಬಿಟ್ಟು ಬೇರೆಯವರಲ್ಲಿ ಇರುವುದು ಅಪರೂಪ. ಮಾಲು ಕಟ್ಟುವವರಿಗೆ ಬೇಕಾದದ್ದೂ ಅದೇ. ಇತ್ತ ಮನೆಯಲ್ಲಿ ಅಜ್ಜ ಕಟ್ಟಿದ ಟಾಕೀಸು ಮೂರನೇ ತಲೆಮಾರಿಗೆ ಬರುವ ಹೊತ್ತಿಗೆ ಹತ್ತಾರು ಪಾಲುದಾರರ ಸ್ವತ್ತು. ಪರದೆಯನ್ನು ಪಾಲು ಮಾಡಲಾಗದು, ಮಾರಿದ ಹಣವನ್ನು ಮಾಡಬಹುದು.

ಸ್ವಾಗತ್ ಇದ್ದ ಕಡೆ ಗರುಡ ಸ್ವಾಗತ್ ಮಾಲ್ ಎದ್ದು ಅದರೊಳಗೆ ಐನಾಕ್ಸ್ ಬಂತು. ನಂದಾ ಹೋಗಿ ನಂದಾ ಟಾಕೀಸ್ ರಸ್ತೆ ಉಳಿಯಿತು. ಎಂ.ಜಿ. ರಸ್ತೆಯ ಪ್ಲಾಜಾ ಮೆಟ್ರೋಗೆ ದಾರಿ ಬಿಟ್ಟಿತು, ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ಡಿಸೆಂಬರ್ 31ರಂದು ಕೊನೆಯ ಆಟ ತೋರಿಸಿತು. 1974ರಲ್ಲಿ 'ಬಂಗಾರದ ಪಂಜರ'ದೊಂದಿಗೆ ತೆರೆದಿದ್ದ ಸ್ಯಾಂಕಿ ರಸ್ತೆಯ ಕಾವೇರಿ 2024ರಲ್ಲಿ ಮುಚ್ಚಿತು.

ಉಳಿದವು

2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ಮುಚ್ಚಿದ ಟಾಕೀಸುಗಳು ಪೂರ್ತಿ ಆಸನಗಳಿಗೆ ಮತ್ತೆ ಅನುಮತಿ ಪಡೆದದ್ದು 2021ರ ಅಕ್ಟೋಬರ್‌ನಲ್ಲಿ. ಮರುವರ್ಷ 'ಕೆಜಿಎಫ್ 2' ಮತ್ತು 'ಕಾಂತಾರ' ಒಂಟಿ ಪರದೆಗಳ ಮುಂದೆ ಮತ್ತೆ ಹೌಸ್‌ಫುಲ್ ಫಲಕ ಹಾಕಿಸಿದವು. ಊರ್ವಶಿಯಂತೆ ಪರದೆ, ಧ್ವನಿ, ಆಸನಗಳಿಗೆ ಹೊಸದಾಗಿ ಹಣ ಹಾಕಿದ ಮಂದಿರಗಳಿಗೆ ಜನ ದೂರದಿಂದಲೂ ಬರುತ್ತಾರೆ. ದೊಡ್ಡ ತಾರೆಯ ಚಿತ್ರವನ್ನು ಸಾವಿರ ಜನರ ಶಿಳ್ಳೆಯ ನಡುವೆ ನೋಡುವ ಅನುಭವ ಇನ್ನೂರು ಆಸನಗಳ ಕೋಣೆಯಲ್ಲಿ ಸಿಗದು ಎಂಬುದು ಅವರಿಗೆ ಗೊತ್ತು.

ತೆರಿಗೆಯ ಕಡೆ ಸ್ವಲ್ಪ ಸಡಿಲವಾಗಿದೆ. 2017ರಲ್ಲಿ ಜಿಎಸ್‌ಟಿ ಬಂದಾಗ 100 ರೂಪಾಯಿವರೆಗಿನ ಟಿಕೆಟ್ಟಿಗೆ ಶೇ 18 ಇದ್ದದ್ದು 2019ರಲ್ಲಿ ಶೇ 12ಕ್ಕೆ, 2025ರ ಸೆಪ್ಟೆಂಬರ್ 22ರಿಂದ ಶೇ 5ಕ್ಕೆ ಇಳಿಯಿತು. ಕಡಿಮೆ ದರದ ಒಂಟಿ ಪರದೆಗೆ ಇದರಿಂದ ಹೆಚ್ಚು ಅನುಕೂಲ. ಅದೇ ತಿಂಗಳು ರಾಜ್ಯ ಸರ್ಕಾರ ಟಿಕೆಟ್ ದರಕ್ಕೆ 200 ರೂಪಾಯಿಯ ಮಿತಿ ಹಾಕಿತು. ಮಲ್ಟಿಪ್ಲೆಕ್ಸ್ ಕಂಪನಿಗಳು ಹೈಕೋರ್ಟಿಗೆ ಹೋಗಿ ತಡೆ ತಂದವು.

ದಕ್ಷಿಣ ಬೆಂಗಳೂರಿನ ಟಾಕೀಸುಗಳ ಡಿಸಿಆರ್ ಪುಸ್ತಕಗಳು, ಪರವಾನಗಿ ಪತ್ರಗಳು, ಕಟ್ಟಡದ ನಕ್ಷೆಗಳು, ಮೊದಲ ದಿನದ ಫೋಟೋಗಳು ಹಳೆಯ ಮಾಲೀಕರ ಮನೆಗಳ ಬೀರುಗಳಲ್ಲಿ ಇರಬಹುದು. ಯಾವ ಬಡಾವಣೆಯ ಜನ ಯಾವ ವರ್ಷ ಯಾವ ಭಾಷೆಯ ಚಿತ್ರ ಎಷ್ಟು ನೋಡಿದರು ಎಂಬುದಕ್ಕೆ ಅವಕ್ಕಿಂತ ಗಟ್ಟಿಯಾದ ದಾಖಲೆ ಬೇರೆ ಇಲ್ಲ. ಅವನ್ನು ರದ್ದಿಗೆ ಹಾಕುವ ಮೊದಲು ಆ ಮನೆಯವರು ಕರ್ನಾಟಕ ಚಲನಚಿತ್ರ ಅಕಾಡೆಮಿಗೋ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೋ ಒಪ್ಪಿಸಬೇಕು, ಅಕಾಡೆಮಿಯೂ ಮನೆ ಬಾಗಿಲಿಗೆ ಹೋಗಿ ಕೇಳಬೇಕು.