ಕಲಿಸಲು ಹೊರಟವರ ತಯಾರಿ

ಚೀನಾಕ್ಕೆ ಹೊರಟಿದ್ದ ಒಬ್ಬ ವಿದ್ವಾಂಸ ದಾರಿಯಲ್ಲಿ ನಮ್ಮ ಉತ್ತರ ಕನ್ನಡದಲ್ಲಿ ತಂಗಿ, ಇಲ್ಲಿನ ಶಾಲೆಗಳ ಲೆಕ್ಕ ಬರೆದಿಟ್ಟು ಹೋಗಿದ್ದಾನೆ. ಮೊರಾಕ್ಕೊದ ತಾಂಜಿಯರ್ ಊರಿನ ಇಬ್ನ್ ಬತೂತ ಅವನು. ದಿಲ್ಲಿಯ ಮಹಮ್ಮದ್ ಬಿನ್ ತುಘಲಕ್ ಅವನನ್ನು ಖಾಜಿಯಾಗಿ ನೇಮಿಸಿಕೊಂಡಿದ್ದ. 1340ರ ದಶಕದ ಮೊದಲಲ್ಲಿ ಚೀನಾದ ಚಕ್ರವರ್ತಿಗೆ ಕಾಣಿಕೆ ಒಪ್ಪಿಸಿ ಬರುವ ರಾಯಭಾರವನ್ನು ಅವನಿಗೇ ವಹಿಸಿದ. ಕರಾವಳಿ ಹಿಡಿದು ದಕ್ಷಿಣಕ್ಕೆ ಸಾಗುವಾಗ ಹೊನ್ನಾವರ ಸಿಕ್ಕಿತು. ಆ ಊರಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳಿದ್ದವು, ಇಂಥದ್ದನ್ನು ಬೇರೆಲ್ಲೂ ಕಾಣಲಿಲ್ಲ ಎಂದು ಅವನ ಪ್ರವಾಸಕಥನ ಹೇಳುತ್ತದೆ. ಅಲ್ಲಿನ ಸುಲ್ತಾನನ ಮನೆಯ ಊಟದ ಬಗ್ಗೆಯೂ ಬರೆದಿದ್ದಾನೆ: ಅನ್ನ, ತುಪ್ಪ, ಮೆಣಸು, ಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ. ಇನ್ನೊಮ್ಮೆ ಬಂದಾಗ ಹನ್ನೊಂದು ತಿಂಗಳು ರೊಟ್ಟಿಯ ಮುಖ ನೋಡದೆ ಅನ್ನ ಉಂಡುಕೊಂಡೇ ಇದ್ದನಂತೆ.

ಅವನ ತಯಾರಿಯಲ್ಲಿ ಯಾವ ಕೊರತೆಯೂ ಇರಲಿಲ್ಲ. ರಾಜಮುದ್ರೆಯ ಪತ್ರ, ಕುದುರೆಗಳು, ಬಟ್ಟೆಬರೆ, ಚಾಕರರು ಎಲ್ಲ ಇದ್ದವು. ಕಲ್ಲಿಕೋಟೆಯ ಬಂದರಿನಲ್ಲಿ 13 ಚೀನೀ ಹಡಗುಗಳು ಗಾಳಿ ತಿರುಗುವುದನ್ನು ಕಾಯುತ್ತಿದ್ದವು. ಹೊರಡುವ ಹೊತ್ತಿಗೆ ಬಿರುಗಾಳಿ ಎದ್ದು ಕಾಣಿಕೆಯ ಹಡಗು ಒಡೆಯಿತು, ಅವನ ಸಾಮಾನು ಹೊತ್ತ ಹಡಗು ಅವನನ್ನು ದಡದಲ್ಲೇ ಬಿಟ್ಟು ಹೋಯಿತು. ಬರಿಗೈಯಾದವನು ಕೆಲ ಕಾಲದ ಮೇಲೆ ಹೊನ್ನಾವರಕ್ಕೇ ಮರಳಿದ. ವರ್ಷಗಳು ಕಳೆದು ಅಂತೂ ಚೀನಾ ಮುಟ್ಟಿದ. ಅಲ್ಲಿನ ಪಿಂಗಾಣಿ, ಕಾಗದದ ಹಣ, ಒಂಟಿ ಪ್ರಯಾಣಿಕನಿಗೂ ಇದ್ದ ರಕ್ಷಣೆ ಎಲ್ಲವನ್ನೂ ಮೆಚ್ಚಿ ಬರೆದ. ಆದರೆ ದೇಶ ಮಾತ್ರ ಅವನಿಗೆ ಹಿಡಿಸಲಿಲ್ಲ. ಅಲ್ಲಿನವರ ನಡೆನುಡಿ, ಪೂಜೆ, ಆಹಾರ ನೋಡಲಾಗದೆ, ಅಗತ್ಯ ಬಿದ್ದರೆ ಮಾತ್ರ ಹೊರಬೀಳುತ್ತಾ ಮನೆಯೊಳಗೇ ಇರುತ್ತಿದ್ದೆ ಎಂದು ತಾನೇ ಹೇಳಿಕೊಂಡಿದ್ದಾನೆ.

ಸಿದ್ದಾಪುರ ತಾಲೂಕಿನ ಹೈಸ್ಕೂಲುಗಳಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದ ನನಗೆ ಈ ಮಾತು ಮತ್ತೆ ಮತ್ತೆ ನೆನಪಾಗಲು ಕಾರಣವಿದೆ. ನನ್ನ ವಿದ್ಯಾರ್ಥಿನಿಯೊಬ್ಬಳು ಚೀನಾದ ಹುನಾನ್ ಪ್ರಾಂತದ ಶಾಲೆಯೊಂದಕ್ಕೆ ಹೊರಟು ನಿಂತಿದ್ದಾಳೆ. ಗಾಂಧಿ ಶತಾಬ್ದಿಯ ಹೆಸರು ಹೊತ್ತ ನಮ್ಮೂರ ಎಂ.ಜಿ.ಸಿ. ಕಾಲೇಜಿನಲ್ಲಿ ಓದಿ, ಬಿ.ಎಡ್. ಮಾಡಿ, ಬೆಂಗಳೂರಿನಲ್ಲಿ ಕೆಲಸ ಮಾಡಿದವಳು. "ಅಕ್ಕೋರೆ, ಹೋಗೂಕಿಂತ ಮೊದ್ಲು ಎಂತೆಂತ ತಯಾರಿ ಮಾಡ್ಕಳ್ಲಿ?" ಎಂದು ಕೇಳಿದಳು. ಈ ಪ್ರಶ್ನೆಗೆ ಉತ್ತರ ನಮ್ಮ ಘಟ್ಟದ ಚರಿತ್ರೆಯಲ್ಲೇ ಇದೆ ಎಂಬುದು ನನ್ನ ನಂಬಿಕೆ. ಸಿದ್ದಾಪುರ, ಶಿರಸಿ, ಯಲ್ಲಾಪುರಗಳಿಗೆ ಅಕ್ಷರ ಕಲಿಸಿದವರಲ್ಲಿ ಹೊರಗಿನಿಂದ ಬಂದವರು ಬಹಳ ಮಂದಿ. ಅವರು ಇಲ್ಲಿ ಹೇಗೆ ನೆಲೆ ನಿಂತರು ಎಂಬುದನ್ನು ಬಲ್ಲವರಿಗೆ, ಪರದೇಶಕ್ಕೆ ಹೋಗುವ ಶಿಕ್ಷಕರಿಗೆ ಏನು ಹೇಳಬೇಕೆಂಬುದೂ ತಿಳಿಯುತ್ತದೆ.

ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದರಾಸು ಪ್ರಾಂತ ಬಿಟ್ಟು ಮುಂಬಯಿ ಪ್ರಾಂತಕ್ಕೆ ಸೇರಿತು. ಅಂದಿನಿಂದ 1956ರ ನವೆಂಬರ್ 1ರವರೆಗೆ ನಮ್ಮ ಶಾಲೆಗಳು ನಡೆದದ್ದು ಮುಂಬಯಿಯ ಕಟ್ಟಳೆಯಲ್ಲಿ. ತರಗತಿಗೆ ಇಯತ್ತೆ ಎಂಬ ಹೆಸರು, ಶಿಕ್ಷಕರಾಗಲು ಮುಲ್ಕಿ ಪರೀಕ್ಷೆ, ತರಬೇತಿಗೆ ಧಾರವಾಡ, ವರ್ಗಾವಣೆಗೆ ಜಿಲ್ಲಾ ಸ್ಕೂಲ್ ಬೋರ್ಡು. ಇಂಗ್ಲಿಷ್ ಬೇಕೆಂದವರು ದೊಡ್ಮನೆ ಘಟ್ಟ ಇಳಿದು ಕುಮಟೆಗೆ ಹೋಗಬೇಕಿತ್ತು, ಇಲ್ಲವೆ ಕಾರವಾರ, ಧಾರವಾಡಗಳ ದಾರಿ ಹಿಡಿಯಬೇಕಿತ್ತು. ನೆಂಟರ ಮನೆಯಲ್ಲಿ ಉಳಿದೋ, ವಾರಾನ್ನ ಉಂಡೋ ಓದಬೇಕಿತ್ತು. ಅಡಿಕೆ, ಮೆಣಸು, ಏಲಕ್ಕಿ ಹೇರಿದ ಗಾಡಿಗಳು ಕುಮಟೆ ಬಂದರಿಗೆ ಇಳಿಯುತ್ತಿದ್ದ ಹಾದಿಯಲ್ಲೇ ಮಕ್ಕಳೂ ಇಳಿದರು. ಅದೇ ಹಾದಿಯಲ್ಲಿ ಮಾಸ್ತರರು ಹತ್ತಿ ಬಂದರು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಮುಂಬಯಿ ಸರಕಾರ ಇಂಗ್ಲಿಷನ್ನು ಎಂಟನೆಯ ಇಯತ್ತೆಗೆ ಮುಂದೂಡಿತು. ಹಾಗಾಗಿ ಆ ಕಾಲದಲ್ಲಿ ಕಲಿತ ನಮ್ಮ ಹಿರಿಯರಿಗೆ ಇಂಗ್ಲಿಷಿನ ಮೊದಲ ಅಕ್ಷರ ಸಿಕ್ಕಿದ್ದು ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ.

ಅದೇ 1862ರಲ್ಲಿ ಚೀನಾದ ಬೀಜಿಂಗ್‌ನಲ್ಲಿ ತೊಂಗ್‌ವೆನ್ ಗ್ವಾನ್ ಎಂಬ ಭಾಷಾಶಾಲೆ ತೆರೆಯಿತು. ಅಫೀಮು ಯುದ್ಧಗಳಲ್ಲಿ ಸೋತ ಚೀನಾ ಪರಕೀಯರೊಡನೆ ಒಪ್ಪಂದ ಬರೆಯಬೇಕಾಗಿ ಬಂದಾಗ, ಅವರ ಭಾಷೆ ಬಲ್ಲ ತನ್ನವರೇ ಬೇಕೆಂದು ಮನಗಂಡು ಕಟ್ಟಿದ ಶಾಲೆ ಅದು. ಹತ್ತು ಮಂದಿ ಹುಡುಗರಿಂದ ಶುರುವಾಯಿತು. ಮೊದಲ ಇಂಗ್ಲಿಷ್ ಶಿಕ್ಷಕ ಬರ್ಡನ್ ಎಂಬ ಆಂಗ್ಲ ಪಾದ್ರಿ. ತರಗತಿಯಲ್ಲಿ ಧರ್ಮಪ್ರಚಾರ ಮಾಡಕೂಡದು ಎಂಬ ಕರಾರಿನ ಮೇಲೆ ಅವನನ್ನು ಇಟ್ಟುಕೊಂಡರು. ಹೊರಗಿನ ಶಿಕ್ಷಕ ಏನು ಕಲಿಸಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಕರೆಸಿಕೊಂಡವರೇ ತೀರ್ಮಾನಿಸುವ ಪದ್ಧತಿ ಅಲ್ಲಿ ಅಷ್ಟು ಹಳೆಯದು.

ನಮ್ಮಲ್ಲಿಗೆ ಬರುವ ಮಾಸ್ತರರಿಗೆ ಕರಾರು ಹಾಕುತ್ತಿದ್ದುದು ಜ್ವರ. 1883ರ ಮುಂಬಯಿ ಗೆಜೆಟಿಯರಿನ ಕಾನಡಾ (ಉತ್ತರ ಕನ್ನಡ) ಸಂಪುಟ ಘಟ್ಟದ ಮೇಲಿನ ಕಾಡುನಾಡಿನ ಜ್ವರದ ಬಗ್ಗೆ ಹೇಳುತ್ತದೆ. ಸಿದ್ದಾಪುರಕ್ಕೆ ವರ್ಗವಾಯಿತೆಂದರೆ ಕರಾವಳಿಯ ಮನೆಗಳಲ್ಲಿ ಹೆಂಗಸರು ಕಣ್ಣೀರು ಹಾಕುತ್ತಿದ್ದರೆಂದು ನನ್ನ ಅಜ್ಜಿ ಹೇಳುತ್ತಿದ್ದಳು. ಚಳಿಜ್ವರ ಹಿಡಿದು ಹೊಟ್ಟೆಯಲ್ಲಿ ಗಡ್ಡೆಯೆದ್ದವರು, ಅಂಚೆ ಕಚೇರಿಯಲ್ಲಿ ಮಾರುತ್ತಿದ್ದ ಕ್ವಿನೈನ್ ಪೊಟ್ಟಣ ನುಂಗಿ ಕಿವಿ ಗುಂಯ್‌ಗುಟ್ಟಿಸಿಕೊಂಡವರು, ರಜೆಗೆಂದು ಇಳಿದು ಮರಳಿ ಹತ್ತದವರು, ಎಲ್ಲರೂ ಇದ್ದರು. 1946ರ ಹೊತ್ತಿಗೆ ಮುಂಬಯಿ ಸರಕಾರದ ಮಲೇರಿಯಾ ಇಲಾಖೆ ಡಾ. ಡಿ.ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಕಾನಡಾ, ಧಾರವಾಡ ಜಿಲ್ಲೆಗಳ ಮನೆ ಮನೆಗೆ ಡಿ.ಡಿ.ಟಿ. ಹೊಡೆಸಿತು. ಆಮೇಲೆ ಜ್ವರ ಇಳಿಯಿತು, ಮಾಸ್ತರರು ನಿಲ್ಲತೊಡಗಿದರು. ಈ ತಾಲೂಕಿನಲ್ಲಿ ಶಾಲೆಗಳು ಬೇರೂರಿದ ಕಥೆಯಲ್ಲಿ ಆ ಔಷಧಿಯ ಪಂಪು ಹೊತ್ತು ತಿರುಗಿದ ನೌಕರರ ಪಾಲನ್ನೂ ಬರೆಯಬೇಕು.

ನನ್ನ ಅಪ್ಪ ಘಟ್ಟ ಹತ್ತಿದ್ದು ಆ ನಂತರದ ವರ್ಷಗಳಲ್ಲಿ, ಅಂಕೋಲೆಯ ಕಡೆಯಿಂದ. ಟ್ರಂಕಿನಲ್ಲಿ ಎರಡು ಜೊತೆ ಬಟ್ಟೆ, ತಾಮ್ರದ ತಂಬಿಗೆ, ಒಣಮೀನಿನ ಕಟ್ಟು. ಏಕೋಪಾಧ್ಯಾಯ ಶಾಲೆ, ನಾಲ್ಕು ಇಯತ್ತೆಗಳಿಗೆ ಒಂದೇ ಕೋಣೆ. ಉಳಿದುಕೊಳ್ಳಲು ಜಗಲಿಯ ಮೂಲೆ ಕೊಟ್ಟವರು ಮೀನು ತಿನ್ನುವವರಲ್ಲ. ಕಟ್ಟನ್ನು ಅಪ್ಪ ಬಿಚ್ಚಲಿಲ್ಲ. ಅಪ್ಪೆಹುಳಿ, ತಂಬುಳಿ, ಬಾಳೆದಿಂಡಿನ ಪಲ್ಯಕ್ಕೆ ನಾಲಿಗೆ ಒಗ್ಗಿಸಿಕೊಂಡರು. ಜೂನ್ ತಿಂಗಳಲ್ಲಿ ಮಳೆ ಕಟ್ಟಿಕೊಂಡಾಗ ಕಂಬಳಿಕೊಪ್ಪೆ ಹಾಕಿಕೊಳ್ಳುವುದನ್ನು, ಕಾಲಿಗೆ ಹತ್ತುವ ಉಂಬಳಕ್ಕೆ ಸುಣ್ಣ ಮುಟ್ಟಿಸುವುದನ್ನು ಮೂರನೆಯ ಇಯತ್ತೆಯ ಮಕ್ಕಳೇ ಕಲಿಸಿದರು. ಹಳ್ಳ ತುಂಬಿದ ದಿನ ಸಂಕ ದಾಟಿಸಿ ಕೇರಿಯ ಮಕ್ಕಳನ್ನು ಮನೆ ಮುಟ್ಟಿಸುವುದು ಮಾಸ್ತರರ ಕೆಲಸವಾಗಿತ್ತು. ಆ ದಿನಗಳಲ್ಲಿ ಒಬ್ಬೊಬ್ಬರ ಮನೆಯ ಬಾಗಿಲಲ್ಲಿ ನಿಂತು ಅವರು ಊರನ್ನು ಓದಿದರು.

ತರಗತಿಯಲ್ಲಿ ಕೂತ ಮಕ್ಕಳು ಹವ್ಯಕರ, ದೀವರ, ಕರಿವೊಕ್ಕಲರ, ಕೊಂಕಣಿ ಮಾತಿನ ಮನೆಗಳವರು. ಅಪ್ಪನ ಕನ್ನಡ ಇವರ್ಯಾರದೂ ಅಲ್ಲ, ಪುಸ್ತಕದ ಕನ್ನಡವಂತೂ ಎಲ್ಲರಿಗೂ ದೂರ. ಅಪ್ಪ ಉದ್ದನೆಯ ಲೆಕ್ಕದ ಪಟ್ಟಿಯಲ್ಲಿ ಮಕ್ಕಳು ಆಡುವ ಮಾತುಗಳನ್ನು ಜಾತಿ, ಕೇರಿ ಭೇದವಿಲ್ಲದೆ ಬರೆದಿಟ್ಟುಕೊಂಡರು. ಗದ್ದೆಯ ಹೆಸರು, ದನದ ಬಣ್ಣ, ಅಡಿಕೆ ಸುಲಿಯುವ ಮೆಟ್ಟುಗತ್ತಿ, ಕೊನೆ ಕೊಯ್ಯುವವರ ಮಾತು, ಆಲೆಮನೆಯ ಪಾತ್ರೆಗಳು. ಪಾಠದ ಕಠಿಣ ಮಾತಿಗೆ ಈ ಪಟ್ಟಿಯಿಂದ ಹೊಂದುವ ಮಾತು ಹುಡುಕಿ ಹೇಳುತ್ತಿದ್ದರು. ಆ ಪಟ್ಟಿ ಈಗ ನನ್ನ ಹತ್ತಿರವಿದೆ. ಇಂಗ್ಲಿಷ್ ಕಲಿಸುವುದಕ್ಕೆ ನನಗೆ ತರಬೇತಿಗಳು ಬೇಕಾದಷ್ಟು ಸಿಕ್ಕವು. 1963ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಲ್ಲಿ ಕಲಿತದ್ದು ಇವತ್ತಿಗೂ ಉಪಯೋಗಕ್ಕೆ ಬರುತ್ತದೆ. ಆದರೂ ಯಾವ ಮಗು ಏಕೆ ಬಾಯಿ ಬಿಡುವುದಿಲ್ಲ ಎಂಬುದನ್ನು ತಿಳಿಯುವ ದಾರಿ ತೋರಿಸಿದ್ದು ಅಪ್ಪನ ಆ ಪಟ್ಟಿ.

ಚೀನಾದ ನೆಲದಲ್ಲೇ ಹೀಗೆ ಬದುಕಿ ಕಲಿಸಿದ ಭಾರತೀಯ ಒಬ್ಬರಿದ್ದಾರೆ. ಡಾ. ದ್ವಾರಕಾನಾಥ ಕೋಟ್ನಿಸ್ ಹುಟ್ಟಿದ್ದು 1910ರಲ್ಲಿ, ಕನ್ನಡ ಮರಾಠಿ ಎರಡೂ ಕೇಳಿಬರುವ ಸೊಲ್ಲಾಪುರದಲ್ಲಿ. ಆಗ ಸೊಲ್ಲಾಪುರವೂ ಸಿದ್ದಾಪುರವೂ ಒಂದೇ ಮುಂಬಯಿ ಪ್ರಾಂತದ ಊರುಗಳು. ಜಪಾನಿನ ದಾಳಿಗೆ ಸಿಕ್ಕ ಚೀನಾಕ್ಕೆ 1938ರಲ್ಲಿ ಕಾಂಗ್ರೆಸ್ ಕಳಿಸಿದ ಐವರು ವೈದ್ಯರಲ್ಲಿ ಅವರೂ ಒಬ್ಬರು. ಉಳಿದವರು ಮರಳಿದರು, ಇವರು ಅಲ್ಲೇ ಉಳಿದರು. ಚೀನೀ ಭಾಷೆ ಕಲಿತು, ಕೆನಡಾದ ವೈದ್ಯ ಬೆಥೂನ್ ಹೆಸರಿನ ವೈದ್ಯಕೀಯ ಶಾಲೆಯಲ್ಲಿ ಆ ಭಾಷೆಯಲ್ಲೇ ಶಸ್ತ್ರಚಿಕಿತ್ಸೆ ಬೋಧಿಸಿದರು. 1941ರಲ್ಲಿ ಬೆಥೂನ್ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಯ ಮುಖ್ಯಸ್ಥರಾದರು. ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕ ಬರೆಯುತ್ತಿದ್ದಾಗ 1942ರ ಡಿಸೆಂಬರಿನಲ್ಲಿ ತೀರಿಕೊಂಡರು. ಆಗ ಅವರಿಗೆ 32 ವರ್ಷ. ಅಲ್ಲಿಯವರು ಇಂದಿಗೂ ಅವರ ಸಮಾಧಿಗೆ ಹೂವಿಡುತ್ತಾರೆ. ಔಷಧಿ ತಂದುಕೊಟ್ಟ ಉಪಕಾರದ ಜೊತೆಗೆ, ಇವರು ನಮ್ಮ ಮಾತಿನಲ್ಲಿ ನಮಗೆ ಕಲಿಸಿದವರು ಎಂಬ ಅಕ್ಕರೆಯೂ ಅದರಲ್ಲಿದೆ ಎಂದು ನಾನು ತಿಳಿದಿದ್ದೇನೆ.

ಬತೂತ, ಅಪ್ಪ, ಕೋಟ್ನಿಸ್ ಈ ಮೂವರನ್ನೂ ಎದುರಿಗಿಟ್ಟುಕೊಂಡು ವಿದ್ಯಾರ್ಥಿನಿಯ ಜೊತೆ ಕೂತೆ. ಕಾಗದಪತ್ರಗಳ ಕೆಲಸ ದೊಡ್ಡದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪದವಿ ಪತ್ರಕ್ಕೆ ರಾಜ್ಯದ, ಕೇಂದ್ರದ ವಿದೇಶಾಂಗ ಇಲಾಖೆಯ, ಚೀನೀ ರಾಯಭಾರ ಕಚೇರಿಯ ಮುದ್ರೆಗಳಾಗಬೇಕು. ಪೊಲೀಸ್ ದಾಖಲೆ ಶುದ್ಧವಿದೆ ಎಂಬ ಪತ್ರ, ವೈದ್ಯಕೀಯ ತಪಾಸಣೆ, ಅಲ್ಲಿನ ಶಾಲೆ ಕಳಿಸುವ ಕೆಲಸದ ಅನುಮತಿ, ಅದರ ಮೇಲೆ ಜೆಡ್ ವೀಸಾ. ಇಳಿದ 30 ದಿನದೊಳಗೆ ವಾಸದ ಪರವಾನಿಗೆಗೆ ಅರ್ಜಿ ಕೊಡಬೇಕು. ಪ್ರವಾಸಿ ವೀಸಾದಲ್ಲಿ ಬಾ, ಆಮೇಲೆ ಬದಲಿಸೋಣ ಎನ್ನುವ ಮಧ್ಯವರ್ತಿಗಳ ಮಾತು ಕೇಳಬಾರದು. ಭಾಷಾಶಿಕ್ಷಕರು ಆ ಭಾಷೆಯನ್ನು ಹುಟ್ಟುಭಾಷೆಯಾಗಿ ಆಡುವ ದೇಶದವರಾಗಿರಬೇಕೆಂಬುದು ಚೀನಾದ ಸಾಮಾನ್ಯ ನಿಯಮ. ಹಾಗಾಗಿ ನಮ್ಮವರಿಗೆ ಹೆಚ್ಚು ತೆರೆದಿರುವುದು ಗಣಿತ, ವಿಜ್ಞಾನಗಳನ್ನು ಇಂಗ್ಲಿಷಿನಲ್ಲಿ ಕಲಿಸುವ ಅಂತರರಾಷ್ಟ್ರೀಯ ಶಾಲೆಗಳ ಬಾಗಿಲು. ಇವಳು ಹೋಗುತ್ತಿರುವುದೂ ಗಣಿತವನ್ನು ಇಂಗ್ಲಿಷಿನಲ್ಲಿ ಹೇಳಿಕೊಡಲು.

ಅವಳು ಅಲ್ಲಿ ಕಲಿಸಲಿರುವ ಮಕ್ಕಳ ಚರಿತ್ರೆಯನ್ನೂ ಓದಿಸಿದೆ. ಬಾಗಿಲು ತೆರೆದ ಚೀನಾದಲ್ಲಿ 1982ರಿಂದ ಬಿ.ಬಿ.ಸಿ.ಯ ಇಂಗ್ಲಿಷ್ ಪಾಠಗಳನ್ನು ಟಿ.ವಿ. ಮುಂದೆ ಕೂತು ಒಂದು ತಲೆಮಾರು ಕಲಿಯಿತು. 2001ರಲ್ಲಿ ಮೂರನೆಯ ತರಗತಿಯಿಂದಲೇ ಇಂಗ್ಲಿಷ್ ಎಂಬ ನಿರ್ಧಾರವಾಯಿತು. ಕಾಲೇಜು ಪ್ರವೇಶದ ಗಾವ್‌ಕಾವ್ ಪರೀಕ್ಷೆಯ ಭಾರ, ಟ್ಯೂಷನ್ನಿನ ಹೊರೆ ಬೆಳೆದು, 2021ರಲ್ಲಿ ಸರಕಾರ ಖಾಸಗಿ ಟ್ಯೂಷನ್ ಕಂಪನಿಗಳಿಗೆ ಕಡಿವಾಣ ಹಾಕಿತು. ಇದು ಗೊತ್ತಿದ್ದರೆ ತರಗತಿಯಲ್ಲಿ ತೂಕಡಿಸುವ ಹುಡುಗನನ್ನು ಗದರುವ ಮೊದಲು ಅವನ ರಾತ್ರಿ ಹೇಗಿತ್ತೆಂದು ಕೇಳಬೇಕೆನಿಸುತ್ತದೆ.

"ಇನ್ನೊಂದು ವಿಷಯ ತಂಗೀ, ನಿನ್ನ ಹುನಾನಿನಲ್ಲಿ ಅಡಿಕೆ ತಿನ್ನುವವರು ಇದ್ದಾರೆ" ಎಂದಾಗ ಅವಳ ಅಪ್ಪನೂ ಹತ್ತಿರ ಬಂದು ಕೂತರು. ಅಲ್ಲಿನ ಶಿಯಾಂಗ್‌ತಾನ್ ಊರಿನವರಿಗೆ ಅಡಿಕೆಯ ಅಭ್ಯಾಸ ಹಳೆಯದು. ಹೈನಾನ್ ದ್ವೀಪದಲ್ಲಿ ಬೆಳೆದ ಎಳೆಯ ಅಡಿಕೆಯ ಸಿಪ್ಪೆಯನ್ನು ಹದ ಮಾಡಿ ಅಗಿಯುತ್ತಾರೆ. ಕವಳದ ಬಟ್ಟಲು ನಡುವೆ ಇಟ್ಟು ಮಾತಾಡುವ ಮನೆಯಿಂದ ಹೋದವಳಿಗೆ ಆ ಊರಿನ ಮುದುಕರ ಪಕ್ಕ ಕೂರಲು ಇದೊಂದು ನೆಪವಾಗುತ್ತದೆ. ಅಲ್ಲಿಂದ ಅವರ ತೋಟ, ಬೆಲೆ, ಮಳೆ, ಮಕ್ಕಳು ಎಂದು ಮಾತು ಬೆಳೆಸುವುದು ಅವಳ ಕೈಯಲ್ಲಿದೆ. ನಾನು ಅವಳಿಗೆ ಹೇಳಿದ್ದಿಷ್ಟು: ಹೊರಡುವ ಮೊದಲೇ ದಿನಕ್ಕೊಂದು ಗಂಟೆ ಚೀನೀ ಭಾಷೆ ಕಲಿ. ಹೋದ ಮೇಲೆ ವಿದ್ಯಾರ್ಥಿಗಳನ್ನೇ ಗುರುಗಳನ್ನಾಗಿ ಮಾಡಿಕೊ. ಅವರ ಮನೆಯ ಮಾತನ್ನು ಬರೆದಿಡಲು ಪಟ್ಟಿಯೊಂದನ್ನು ಒಯ್ಯಿ.

ಈ ತಯಾರಿ ಪಾಸ್‌ಪೋರ್ಟ್ ಇದ್ದವರಿಗೆ ಮಾತ್ರ ಬೇಕಾದದ್ದಲ್ಲ. ಯಲ್ಲಾಪುರದ ಸಿದ್ದಿಗಳ ಮಕ್ಕಳು ಮನೆಯಲ್ಲಿ ಆಡುವುದು ಅವರದೇ ಕೊಂಕಣಿ, ಗೌಳಿಗರ ಮಕ್ಕಳದು ಮರಾಠಿಗೆ ಹತ್ತಿರದ ಮಾತು. ನಮ್ಮ ಅಡಿಕೆ ತೋಟಗಳಿಗೆ ಕೆಲಸ ಹುಡುಕಿ ಬಂದವರ ಮಕ್ಕಳು ಬಯಲುಸೀಮೆಯ ಮಾತು ಹೊತ್ತು ಬಂದು ಕೊನೆಯ ಸಾಲಿನಲ್ಲಿ ಕೂರುತ್ತಾರೆ. ಅವರ ಪಾಲಿಗೆ ನಮ್ಮ ಶಾಲೆಯೇ ಪರದೇಶ. ಘಟ್ಟ ಹತ್ತಿ ಬಂದ ಮಾಸ್ತರರು ನಮಗಾಗಿ ಪಟ್ಟ ಪಾಡನ್ನು ನಾವು ಈ ಮಕ್ಕಳಿಗಾಗಿ ಪಡಬೇಕು. ತಾಲೂಕಿನ ಪ್ರತಿ ಶಾಲೆಯೂ ತನ್ನಲ್ಲಿ ದುಡಿದ ಹಳೆಯ ಮಾಸ್ತರರ, ಅಕ್ಕೋರರ ಅನುಭವವನ್ನು ಅವರು ಬದುಕಿರುವಾಗಲೇ ಬರೆಸಿಕೊಳ್ಳಲಿ. ಹೊಸದಾಗಿ ನೇಮಕವಾಗಿ ಬರುವವರು ಮೊದಲ ವಾರ ಅದನ್ನು ಓದಲಿ, ಎರಡನೆಯ ವಾರ ಮಕ್ಕಳ ಮನೆಗಳಿಗೆ ಹೋಗಲಿ. ಪಾಠ ಮೂರನೆಯ ವಾರ ಶುರುವಾದರೂ ನಷ್ಟವೇನೂ ಇಲ್ಲ.